ಹಲ್ಲಿನಲ್ಲಿ ಸಿಕ್ಕ ಗಂಡಸು

ನಮ್ಮ ಪ್ರಯೋಗಾಲಯದ ಒಳಕೋಣೆಗೆ ಗಂಡಸರು ಕಾಲಿಡುವಂತಿಲ್ಲ. ಹೆಂಗಸರಿಗೆ ಮರ್ಯಾದೆ ಕೊಡಬೇಕೆಂದು ಮಾಡಿದ ನಿಯಮ ಇದಲ್ಲ, ಹಾಗೆಂದುಕೊಂಡು ಯಾರೂ ಖುಷಿಪಡಬೇಕಾಗಿಲ್ಲ. ಅಲ್ಲಿ ನಾವು ಹಳೇ ಮೂಳೆ, ಹಳೇ ಹಲ್ಲುಗಳಲ್ಲಿ ಹುಡುಕುವುದು ವೈ ಕ್ರೋಮೋಸೋಮನ್ನು. ಅದು ಗಂಡಸರಲ್ಲಿ ಮಾತ್ರ ಇರುತ್ತದೆ. ಅಪ್ಪನಿಂದ ಮಗನಿಗೆ, ಆ ಮಗನಿಂದ ಅವನ ಮಗನಿಗೆ, ಹೀಗೆ ಸಾವಿರಾರು ವರ್ಷ ಕೈ ಬದಲಾಯಿಸುತ್ತಾ ಬರುತ್ತದೆ. ಬರುವ ದಾರಿಯಲ್ಲಿ ಅಪರೂಪಕ್ಕೊಮ್ಮೆ ಒಂದು ಸಣ್ಣ ಬದಲಾವಣೆ ಆಗುತ್ತದೆ. ಯಾವ ಬದಲಾವಣೆ ಯಾವ ಸೀಮೆಯ ಗಂಡಸರಲ್ಲಿದೆ ಎಂದು ನೋಡಿದರೆ, ಯಾರ ಮುತ್ತಾತನ ಮುತ್ತಾತ ಎಲ್ಲಿಂದ ಹೊರಟು ಎಲ್ಲಿಗೆ ಬಂದ ಎಂದು ಹೇಳಬಹುದು. ಆದರೆ ಅಷ್ಟು ಕಾಲ ಮಣ್ಣಲ್ಲಿದ್ದ ಹಲ್ಲಿನಲ್ಲಿ ಅದು ಉಳಿದಿದ್ದರೂ ಎಷ್ಟು ಉಳಿದೀತು? ಪಕ್ಕದಲ್ಲಿ ನಿಂತ ಗಂಡಸು ಒಂದು ಸಲ ಸೀನಿದರೆ ಸಾಕು, ಹಲ್ಲಿನ ಯಜಮಾನ ಮುಳುಗಿಹೋಗಿ ಸೀನಿದವನು ಮೇಲೆ ತೇಲುತ್ತಾನೆ. ಅದಕ್ಕೇ ಆ ಕೆಲಸಕ್ಕೆ ನಮ್ಮಂಥವರು. ನಮ್ಮ ಮೈಯಲ್ಲಿ ಆ ಸರಕೇ ಇಲ್ಲವಲ್ಲ, ಬೆರೆಯುವ ಭಯವಿಲ್ಲ. ಇಷ್ಟು ವರ್ಷದ ನೌಕರಿಯಲ್ಲಿ ನನಗೆ ಸಿಕ್ಕ ಒಂದೇ ಒಂದು ಬಡ್ತಿ, ನನ್ನಲ್ಲಿ ಏನೋ ಇಲ್ಲ ಎನ್ನುವ ಕಾರಣಕ್ಕೆ ಸಿಕ್ಕಿದ್ದು.

ಆ ಕೋಣೆ ನನಗೆ ಎಷ್ಟು ಬೇಕಾಗಿತ್ತು ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಎರಡು ಬಾಗಿಲು, ಅವುಗಳ ನಡುವೆ ಕೈ ತೊಳೆಯುವ ಜಾಗ. ಉದ್ದ ತೋಳಿನ ನಿಲುವಂಗಿ, ತಲೆಗೆ ಟೋಪಿ, ಬಾಯಿಗೆ ಮಾಸ್ಕು, ಕೈಗೆ ಒಂದರ ಮೇಲೊಂದು ಗ್ಲೌಸು. ಫೋನು ಹೊರಗೇ ಬಿಟ್ಟು ಹೋಗಬೇಕು. ಗಾಳಿ ಸೋಸುವ ಯಂತ್ರದ ಗುಂಯ್ ಎನ್ನುವ ಸದ್ದು ಬಿಟ್ಟರೆ ಒಳಗೆ ಇನ್ನೊಂದು ಸದ್ದಿಲ್ಲ. ಯಾರೂ ನನ್ನನ್ನು ಕೂಗುವುದಿಲ್ಲ. ಮೂಳೆಗಳಿಗೆ ಬಾಯಾರಿಕೆ ಆಗುವುದಿಲ್ಲ, ಅವು ಮಗ್ಗುಲು ಬದಲಿಸು ಎಂದು ಗೋಗರೆಯುವುದಿಲ್ಲ. ದಿನದಲ್ಲಿ ನಾನು ನೆಮ್ಮದಿಯಾಗಿ ಉಸಿರು ಬಿಡುತ್ತಿದ್ದುದು ಅಲ್ಲಿ ಮಾತ್ರ. ಬೇರೆಯವರಿಗೆ ಅದು ಕೆಲಸದ ಜಾಗ, ನನಗೆ ತವರುಮನೆ.

ನಿಜವಾದ ತವರುಮನೆಯಲ್ಲಿ ಅಪ್ಪ ಇದ್ದಾನೆ. ಲಾರಿ ಓಡಿಸುತ್ತಿದ್ದವನು. ಆಯುಸ್ಸೆಲ್ಲ ಸ್ಟೇರಿಂಗ್ ಹಿಡಿದ ಮನುಷ್ಯನಿಗೆ ಲಕ್ವ ಹೊಡೆದು ಎಡಭಾಗ ಪೂರ್ತಿ ಬಿದ್ದುಹೋಗಿದೆ. ನಾಲಿಗೆ ಬಲಭಾಗಕ್ಕೆ ಸೇರಿದ್ದು ಅಂತ ಕಾಣುತ್ತದೆ, ಅದಕ್ಕೇನೂ ಆಗಿಲ್ಲ. ಅಮ್ಮ ಹೋಗಿ ಬಹಳ ಕಾಲವಾಯಿತು. ತಂಗಿ ಗಂಡನ ಮನೆಯಲ್ಲಿದ್ದಾಳೆ, ರೈಲಿನಲ್ಲಿ ಒಂದು ಹಗಲಿನ ದಾರಿ. ನಾನು ಮದುವೆ ಆಗಲಿಲ್ಲ. ಯಾಕೆ ಎಂದು ಕೇಳಿದವರಿಗೆಲ್ಲ ಉತ್ತರ ಕೊಟ್ಟು ಸಾಕಾಗಿದೆ, ಇಲ್ಲಿ ಮತ್ತೆ ಹೇಳುವುದಿಲ್ಲ.

ಬೆಳಿಗ್ಗೆ ಎದ್ದರೆ ಅಪ್ಪನ ಹಾಸಿಗೆ ಬದಲಾಯಿಸಬೇಕು, ಮೈ ಒರೆಸಬೇಕು, ಎತ್ತಿ ಕುರ್ಚಿಗೆ ಕೂರಿಸಬೇಕು, ತಿನ್ನಿಸಬೇಕು, ಮಾತ್ರೆ ನುಂಗಿಸಬೇಕು. ಅದರ ಜೊತೆಗೆ ದಿನಾ ಗಡ್ಡ ಹೆರೆಯಬೇಕು. ಒಂದು ದಿನ ಬಿಟ್ಟರೂ ಕೇಳುವುದಿಲ್ಲ.

"ಗಡ್ಡ ಬಿಟ್ಟೋನ್ನ ನಂಬಿ ಯಾರು ಲೋಡು ಕೊಡ್ತಾರೆ?" ಎನ್ನುತ್ತಾನೆ.

"ನಿಂಗೆ ಈಗ ಯಾರೂ ಲೋಡು ಕೊಡಲ್ಲಪ್ಪ. ನೀನೇ ನಂಗೊಂದು ಲೋಡು."

"ಹಾಗಾದ್ರೆ ಮೆಲ್ಲಗೆ ಹೋಗು. ಕೆನ್ನೆ ಹತ್ರ ರಸ್ತೆ ಸರಿ ಇಲ್ಲ."

ಹೀಗೆ ನಗಿಸುತ್ತಲೇ ಇದ್ದವನು ಇದ್ದಕ್ಕಿದ್ದಂತೆ ಮುಖ ಸಪ್ಪಗೆ ಮಾಡಿಕೊಂಡು, "ಒಂದು ಗಂಡು ಇದ್ದಿದ್ರೆ" ಎಂದು ಶುರುಮಾಡುತ್ತಾನೆ. ಅಲ್ಲಿಗೆ ನನ್ನ ಪಿತ್ತ ನೆತ್ತಿಗೇರುತ್ತದೆ. ಗಂಡುಮಗ ಇದ್ದಿದ್ದರೆ ಏನು ಮಾಡುತ್ತಿದ್ದ ಎಂದು ನನಗೆ ಚೆನ್ನಾಗಿ ಗೊತ್ತು, ಹೆಂಡತಿಯನ್ನು ಕರೆದು ಅಪ್ಪನ ಗಡ್ಡ ತೋರಿಸುತ್ತಿದ್ದ. ಆದರೆ ಅಪ್ಪನ ಸಂಕಟ ಬೇರೆ. ಅವನ ಅಪ್ಪ, ಅಂದರೆ ನನ್ನ ತಾತ, ಯಾರದೋ ಗಾಡಿಗಳ ಹಿಂದೆ ನಡೆದುಕೊಂಡು ಬಂದ ಸಣ್ಣ ಹುಡುಗನಂತೆ. ಎಲ್ಲಿಂದ ಹೊರಟೆ ಎಂದರೆ ಹೇಳಲು ಬರುತ್ತಿರಲಿಲ್ಲ, ಹೆತ್ತವರು ಯಾರೆಂದು ನೆನಪಿರಲಿಲ್ಲ. ಶಾಲೆಯಲ್ಲಿ ಅಪ್ಪನನ್ನು ಎಲ್ಲರೂ 'ಎಲ್ಲಿಂದಲೋ ಬಂದವನ ಮಗ' ಎಂದೇ ಕರೆಯುತ್ತಿದ್ದರು. "ಎಲ್ಲಿಂದ ಬಂದ್ವಿ ಅಂತ್ಲೂ ಗೊತ್ತಾಗ್ಲಿಲ್ಲ, ಮುಂದಕ್ಕೂ ಹೋಗ್ಲಿಲ್ಲ. ನಡುರಸ್ತೇಲಿ ಕೆಟ್ಟು ನಿಂತ ಗಾಡಿ ನಮ್ದು," ಎನ್ನುತ್ತಾನೆ. ನಾನೂ ತಂಗಿಯೂ ಅವನ ಲೆಕ್ಕದಲ್ಲಿ ರಸ್ತೆಯೇ ಅಲ್ಲ.

ಇಷ್ಟೆಲ್ಲ ಮುಗಿಸಿ, ಮಧ್ಯಾಹ್ನದ ಊಟ ಕೊಡಲು ಕೆಳಮನೆಯ ಅಜ್ಜಿಗೆ ಕೀಲಿ ಕೊಟ್ಟು, ಬಸ್ಸಿನಲ್ಲಿ ತೂಕಡಿಸಿ, ಒಳಕೋಣೆಯ ಎರಡನೇ ಬಾಗಿಲು ಹಾಕಿಕೊಂಡಾಗ ಬೆನ್ನು ಸಡಿಲವಾಗುತ್ತಿತ್ತು.

ಈಗ ಹಲ್ಲಿನ ವಿಷಯ. ಎಲ್ಲೋ ನೀರಿನ ಟ್ಯಾಂಕಿಗೆ ಅಡಿಪಾಯ ತೋಡುವಾಗ ಸಾವಿರಾರು ವರ್ಷ ಹಳೆಯ ಸಮಾಧಿ ಸಿಕ್ಕಿತು. ಮೂಳೆಗಳೆಲ್ಲ ಮುಟ್ಟಿದರೆ ಪುಡಿ. ಗಟ್ಟಿಯಾಗಿ ಉಳಿದಿದ್ದು ಒಂದು ದವಡೆ ಹಲ್ಲು. ಅದು ನಮ್ಮ ಮೇಷ್ಟ್ರ ಕೈಗೆ ಬಂತು. ಮೇಷ್ಟ್ರು ಎಂದರೆ ನಮ್ಮ ಪ್ರಯೋಗಾಲಯದ ಮುಖ್ಯಸ್ಥರು. ಪಾಠ ಮಾಡುವುದು ಬಿಟ್ಟು ಎಷ್ಟೋ ವರ್ಷವಾದರೂ ಆ ಹೆಸರು ಹೋಗಿಲ್ಲ. ಸಣಕಲು ಆಳು, ಅಂಗಿಯ ತೋಳಿಗೆ ಸದಾ ಸೀಮೆಸುಣ್ಣ. ಈ ವರ್ಷ ನಿವೃತ್ತಿ. ಅವರ ಹಿಂದೆಯೇ ಈ ವಿಭಾಗವನ್ನೂ ಮುಚ್ಚುತ್ತಾರೆ ಎಂಬ ಗುಸುಗುಸು ಇತ್ತು. ಇಡೀ ಜನ್ಮ ಊರೂರು ತಿರುಗಿ ಗಂಡಸರ ಬಾಯಿಗೆ ಹತ್ತಿಕಡ್ಡಿ ಇಟ್ಟು ಎಂಜಲು ತಂದ ಮನುಷ್ಯನಿಗೆ, ಹೇಳಿಕೊಳ್ಳುವಂಥದ್ದು ಒಂದೂ ದಕ್ಕಿರಲಿಲ್ಲ.

ಹಲ್ಲನ್ನು ಕೊರೆದು ಪುಡಿ ತೆಗೆಯುವ ಕೆಲಸ ಮೊದಲು ಮಾಡಿದವಳು ಗಡಿಯಾರ. ಅದು ನನ್ನ ಜೊತೆ ಕೆಲಸ ಮಾಡುವವಳ ಅಡ್ಡಹೆಸರು. ಹೊತ್ತಿಗೆ ಸರಿಯಾಗಿ ಬರುತ್ತಾಳೆ, ಹೊತ್ತಿಗೆ ಸರಿಯಾಗಿ ಎದ್ದು ಹೋಗುತ್ತಾಳೆ, ನಡುವೆ ಭೂಮಿ ಬಿರಿದರೂ ಅವಳ ಕೈ ನಡುಗುವುದಿಲ್ಲ. ಅವಳಿಗೆ ಏನೂ ಸಿಗಲಿಲ್ಲ. ಹಲ್ಲು ಸತ್ತುಹೋಗಿದೆ ಎಂದಳು. ಮೇಷ್ಟ್ರು ಒಪ್ಪದೆ ನನ್ನ ಕೈಗೆ ಕೊಟ್ಟರು. ನನಗೆ ಸಿಕ್ಕಿತು! ಇನ್ನೊಮ್ಮೆ ಮಾಡಿದೆ, ಅದೇ ಗಂಡಸು ಸಿಕ್ಕ. ಮತ್ತೊಮ್ಮೆ ಮಾಡಿದಾಗಲೂ ಅವನೇ. ಪ್ರತಿ ಸಲವೂ ಹಲ್ಲಿನ ಪುಡಿಯ ಜೊತೆಗೆ ಏನೂ ಹಾಕದ ಖಾಲಿ ಕೊಳವೆಯೊಂದನ್ನೂ ಓಡಿಸುತ್ತೇವೆ, ಹೊರಗಿನದು ಸೇರಿದ್ದರೆ ಅದರಲ್ಲಿ ಕಾಣಲಿ ಎಂದು. ಅದು ಖಾಲಿಯೇ ಇತ್ತು. ನಮ್ಮಲ್ಲಿರುವ ಗಂಡಸರು, ಸಮಾಧಿ ಅಗೆದವರು, ಹಲ್ಲು ತಂದ ಡ್ರೈವರ್, ಎಲ್ಲರ ಎಂಜಲಿನ ಜೊತೆಗೂ ತಾಳೆ ನೋಡಿದ್ದಾಯಿತು. ಯಾರದ್ದೂ ಅಲ್ಲ.

"ಏನಮ್ಮ ನಿಮ್ಮ ಕೈಗುಣ!" ಎಂದರು ಮೇಷ್ಟ್ರು. ನಾನೂ ಉಬ್ಬಿಹೋದೆ. ಮನೆಯಲ್ಲಿ ಗಂಜಿಗೆ ಉಪ್ಪು ಜಾಸ್ತಿ ಎಂದು ದಿನಾ ಬೈಸಿಕೊಳ್ಳುವ ಕೈಗೆ ಯಾರಾದರೂ ಗುಣ ಇದೆ ಎಂದರೆ ಉಬ್ಬದೆ ಇನ್ನೇನು? ಗಡಿಯಾರ ಮಾತ್ರ, "ಕೈಗುಣ ಸಾಂಬಾರಿಗೆ ಇರುತ್ತೆ ಕಣೇ, ಹಲ್ಲಿಗೆ ಇರುತ್ತಾ?" ಎಂದು ಚೀಲ ಹೆಗಲಿಗೇರಿಸಿ ಮನೆಗೆ ಹೋದಳು. ಹೊಟ್ಟೆಕಿಚ್ಚು ಅಂದುಕೊಂಡೆ.

ಸಿಕ್ಕ ಗಂಡಸು ಸಾಮಾನ್ಯದವನಲ್ಲ. ಅವನ ಕವಲು, ಅಂದರೆ ಅವನಲ್ಲಿದ್ದ ಬದಲಾವಣೆಗಳ ಸಾಲು, ನಮ್ಮ ಕಡೆ ಒಬ್ಬರಲ್ಲೂ ಇಲ್ಲ. ಬೆಟ್ಟಸಾಲಿನ ಆಚೆ, ಬಹಳ ದೂರದ ಬೆರಳೆಣಿಕೆಯ ಹಳ್ಳಿಗಳಲ್ಲಿ ಮಾತ್ರ ಇರುವಂಥದ್ದು. ಅಷ್ಟು ಹಿಂದಿನ ಕಾಲದಲ್ಲಿ ಆ ಬೆಟ್ಟಗಳನ್ನು ಯಾರೂ ದಾಟಿರಲಿಲ್ಲ ಎಂದು ತಿಳಿದವರೆಲ್ಲ ಬರೆದಿದ್ದಾರೆ. ಇವನು ದಾಟಿದ್ದಾನೆ! ಮೇಷ್ಟ್ರು ಕಪ್ಪುಹಲಗೆಯ ಮೇಲೆ ಬೆಟ್ಟ, ಕಣಿವೆ, ನದಿ ಎಲ್ಲ ಬರೆದು ಅವನು ಬಂದ ದಾರಿಗೆ ಗೆರೆ ಎಳೆದರು. ಅಳಿಸಬಾರದು ಎಂದು ಮೂಲೆಯಲ್ಲಿ ಬರೆದರು. ಆಮೇಲಿನಿಂದ ಅವರ ಬಾಯಲ್ಲಿ ಅವನದೇ ಮಾತು. ಚಳಿಗೆ ಏನು ಹೊದ್ದಿದ್ದನೋ, ಒಬ್ಬನೇ ಬಂದನೋ, ಜೊತೆಗೆ ಯಾರಿದ್ದರೋ. ಮಕ್ಕಳಿಲ್ಲದ ಆ ಮನುಷ್ಯನಿಗೆ ಈ ವಯಸ್ಸಲ್ಲಿ ಮಗ ಹುಟ್ಟಿದ ಹಾಗಾಗಿತ್ತು.

ಆ ಸಂಭ್ರಮದಲ್ಲೇ ತಂಗಿಯಿಂದ ಫೋನು ಬಂತು. "ಅಕ್ಕಾ, ಒಂದು ವಾರ ಬಂದು ಇರ್ತೀನಿ. ಅಪ್ಪನ್ನ ನೀನು ಮುಟ್ಟಲೇಬೇಡ, ಎಲ್ಲ ನಾನು ನೋಡ್ಕೋತೀನಿ. ನೀನು ಮಲ್ಕೋ," ಎಂದಳು. ನಾನು ಬೇಡ ಎನ್ನಲಿಲ್ಲ. ಬೇಡ ಎನ್ನುವಷ್ಟು ದೊಡ್ಡತನ ನನ್ನಲ್ಲಿ ಉಳಿದಿರಲಿಲ್ಲ.

ಆ ವಾರ ನಾನು ಅಪ್ಪನ ಕೋಣೆಯ ಹೊಸಿಲು ದಾಟಲಿಲ್ಲ. ಬೆಳಗಾದ ಮೇಲೆ ಎದ್ದು, ಕುಳಿತು ಕಾಫಿ ಕುಡಿದು ಕೆಲಸಕ್ಕೆ ಹೋದೆ. ತಂಗಿಗೂ ಅಪ್ಪನಿಗೂ ಗಡ್ಡದ ವಿಷಯಕ್ಕೆ ಜಗಳ ನಡೆಯುತ್ತಿದ್ದುದು ಗೋಡೆಯಾಚೆಯಿಂದ ಕೇಳಿ ಒಳಗೊಳಗೇ ನಕ್ಕೆ. ಹಲ್ಲಿನಲ್ಲಿ ಉಳಿದಿದ್ದ ಕೊನೆಯ ಚೂರನ್ನು ಮೇಷ್ಟ್ರು ಆಗಲೇ ನನಗೆ ಕೊಟ್ಟಿದ್ದು. ಇನ್ನೊಂದು ಸಲ ಖಾತ್ರಿ ಆಗಿಬಿಟ್ಟರೆ ಬರೆದು ಕಳಿಸುವುದು, ಅಷ್ಟೇ. ಚೆನ್ನಾಗಿ ನಿದ್ದೆಯಾಗಿತ್ತು, ಕಣ್ಣು ತಿಳಿಯಾಗಿತ್ತು, ಕೈ ಹಗುರವಾಗಿತ್ತು. ಅಷ್ಟು ಅಚ್ಚುಕಟ್ಟಾಗಿ ನಾನು ಯಾವತ್ತೂ ಮಾಡಿರಲಿಲ್ಲ. ಏನೂ ಸಿಗಲಿಲ್ಲ.

"ಇರ್ಲಿ ಬಿಡಿ, ಕೊನೇ ಚೂರು. ಅದ್ರಲ್ಲಿ ಏನೂ ಉಳಿದಿರಲ್ಲ," ಎಂದರು ಮೇಷ್ಟ್ರು. ನಾನೂ ಹೌದು ಎಂದೆ. ಆದರೂ ಗಂಟಲಲ್ಲಿ ಮುಳ್ಳು ಸಿಕ್ಕಿಕೊಂಡ ಹಾಗೆ ಏನೋ ಒಂದು.

ತಂಗಿ ಹೊರಟುಹೋದಳು. ಮರುದಿನ ಬೆಳಿಗ್ಗೆ ಅಪ್ಪನಿಗೆ ಮೈ ಒರೆಸಿ ಎತ್ತಿ ಕುರ್ಚಿಗೆ ಕೂರಿಸಿದೆ. ಎತ್ತುವಾಗ ಅವನ ಕೆನ್ನೆ ನನ್ನ ಕನ್ನಡಕಕ್ಕೆ ತಾಗಿ ಗಾಜು ಮಬ್ಬಾಗಿತ್ತು. ಗಡ್ಡ ಅರ್ಧ ಹೆರೆದಾಗ ಸರಿಯಾಗಿ ಕಾಣಲಿಲ್ಲ. ಯಾವತ್ತಿನ ಹಾಗೆ ಕನ್ನಡಕ ತೆಗೆದು, ಯಾವತ್ತಿನ ಹಾಗೆ ಅವನ ಹೆಗಲ ಮೇಲಿದ್ದ ಟವೆಲಿನ ತುದಿಯಿಂದಲೇ ಒರೆಸಿಕೊಂಡೆ. ಒರೆಸುತ್ತಾ ಒರೆಸುತ್ತಾ ಕೈ ನಿಂತಿತು. ಒಳಕೋಣೆಗೆ ಹೋಗುವಾಗ ನಾನು ಕೈ ತೊಳೆಯುತ್ತೇನೆ, ಮುಖ ತೊಳೆಯುತ್ತೇನೆ, ಬಟ್ಟೆ ಬದಲಾಯಿಸುತ್ತೇನೆ. ಕನ್ನಡಕವನ್ನು ಮಾತ್ರ ಹಾಗೇ ಹಾಕಿಕೊಂಡು ಹೋಗುತ್ತೇನೆ. ಹಲ್ಲು ಕೊರೆಯಲು ಬಗ್ಗಿದಾಗ ಅದು ಮೂಗಿನ ಮೇಲೆ ಜಾರುತ್ತದೆ. ಗ್ಲೌಸು ಹಾಕಿದ ಬೆರಳಿಂದಲೇ ಮೇಲಕ್ಕೆ ತಳ್ಳಿಕೊಳ್ಳುತ್ತೇನೆ. ಆ ಬೆರಳಿಂದಲೇ ಹಲ್ಲು ಹಿಡಿಯುತ್ತೇನೆ. ಖಾಲಿ ಕೊಳವೆಗೆ ಬಗ್ಗುವ ಕೆಲಸವಿಲ್ಲ, ಅದು ಖಾಲಿಯೇ ಉಳಿಯುತ್ತದೆ.

ಗಂಡಸರ ಎಂಜಲನ್ನೆಲ್ಲ ತಾಳೆ ನೋಡಿದ್ದೆವು. ಹೆಂಗಸರ ಮೈಮೇಲೆ ಯಾವ ಗಂಡಸು ಕೂತು ಬರುತ್ತಾನೆ ಎಂದು ಯಾರಿಗೂ ಹೊಳೆದಿರಲಿಲ್ಲ. ಗಡಿಯಾರ ಒಂಟಿ, ಅವಳ ಮನೆಯಲ್ಲಿ ಬೆಕ್ಕೂ ಇಲ್ಲ.

"ಏಯ್ ದೊಡ್ಡವಳೇ, ಅರ್ಧ ಗಡ್ಡ ಬಿಟ್ಟು ಎಲ್ಲಿ ಹೋದೆ?" ಎಂದು ಅಪ್ಪ ಕೂಗಿದಾಗ ನಾನು ಅಡುಗೆಮನೆಯಲ್ಲಿ ನೆಲದ ಮೇಲೆ ಕೂತಿದ್ದೆ.

ಗಡ್ಡ ಮುಗಿಸಿ, "ಬಾಯಿ ತೆಗಿ," ಎಂದೆ. ಮಾತ್ರೆ ಎಂದುಕೊಂಡು ತೆಗೆದ. ಹತ್ತಿಕಡ್ಡಿಯಿಂದ ಕೆನ್ನೆಯ ಒಳಗೆ ಉಜ್ಜಿಕೊಂಡೆ.

"ಏನಿದು, ರುಚೀನೇ ಇಲ್ಲ," ಎಂದ.

ಬದುಕಿರುವವರ ಎಂಜಲನ್ನು ನೋಡುವುದು ಹೊರಕೋಣೆಯಲ್ಲಿ. ಅಲ್ಲಿ ಯಾರ ಕಣ್ಣಿಗೂ ಬೀಳದಂತೆ ಓಡಿಸಿದೆ. ಬೆಟ್ಟ ದಾಟಿ ಬಂದ ಮನುಷ್ಯ ನಮ್ಮ ಮನೆಯ ಕುರ್ಚಿಯಲ್ಲಿ ಕೂತು ಗಂಜಿಗೆ ಉಪ್ಪು ಜಾಸ್ತಿ ಎನ್ನುತ್ತಿದ್ದ.

ಸತ್ಯ ಹೇಳುತ್ತೇನೆ, ನನಗೆ ಮೊದಲು ಬಂದದ್ದು ಮೇಷ್ಟ್ರ ಯೋಚನೆಯಲ್ಲ. ಆ ಕೋಣೆಯದು. ಹೇಳಿದರೆ ಆ ಬಾಗಿಲು ನನಗೆ ಮುಚ್ಚುತ್ತದೆ. ದಿನಾ ಬೆಳಿಗ್ಗೆ ಒಬ್ಬ ಗಂಡಸನ್ನು ತಬ್ಬಿ ಎತ್ತಿ ಬರುವವಳನ್ನು ಯಾರು ಒಳಗೆ ಬಿಡುತ್ತಾರೆ? ಇಷ್ಟು ದಿನ ಕನ್ನಡಕ, ನಾಳೆ ಕೂದಲು, ನಾಡಿದ್ದು ಇನ್ನೇನೋ. ಹೇಳದಿದ್ದರೆ? ಹಲ್ಲು ಮುಗಿದುಹೋಗಿತ್ತು. ಯಾರೂ ಮತ್ತೆ ಪರೀಕ್ಷೆ ಮಾಡುವಂತಿರಲಿಲ್ಲ. ಇನ್ನೊಂದು ಕನ್ನಡಕ ಮಾಡಿಸಿ ಒಳಗೇ ಇಟ್ಟುಕೊಂಡರೆ ನನ್ನ ಪಾಡಿಗೆ ನಾನು. ಮೇಷ್ಟ್ರಿಗೆ ಅವರ ಮಗ, ನನಗೆ ನನ್ನ ಕೋಣೆ. ಯಾರಿಗೆ ನಷ್ಟ?

ಕೆಲವು ದಿನ ಬಾಯಿಗೆ ಬೀಗ ಹಾಕಿಕೊಂಡು ಓಡಾಡಿದೆ. ಒಳಕೋಣೆಗೆ ಹೋಗಿ ಕೂತರೂ ಬೆನ್ನು ಸಡಿಲವಾಗಲಿಲ್ಲ. ಮೇಷ್ಟ್ರು ಎದುರಿಗೆ ಬಂದರೆ ಮುಖ ತಿರುಗಿಸಬೇಕು, ಗಡಿಯಾರದ ಎದುರು ಕೈಗುಣದ ಜಂಬ ಮುಂದುವರಿಸಬೇಕು. ಹೊತ್ತುಕೊಳ್ಳುವುದಕ್ಕೆ ಮನೆಯಲ್ಲಿ ಒಂದು ಇತ್ತಲ್ಲ, ಅದರ ಮೇಲೆ ಇದೂ ಒಂದು. ನಾನು ದೊಡ್ಡ ಸತ್ಯವಂತೆಯೇನಲ್ಲ. ಸುಳ್ಳನ್ನು ಸಾಕುವುದಕ್ಕೂ ಮೈಯಲ್ಲಿ ಶಕ್ತಿ ಬೇಕು, ಅದು ನನ್ನಲ್ಲಿ ಇರಲಿಲ್ಲ.

ಮೇಷ್ಟ್ರು ಹಲ್ಲಿನ ಬಗ್ಗೆ ಸಭೆಯಲ್ಲಿ ಮಾಡಬೇಕಿದ್ದ ಭಾಷಣವನ್ನು ನಮ್ಮಿಬ್ಬರ ಮುಂದೆ ಓದಿ ತೋರಿಸಿದ ದಿನ ಅದು ಹೊರಬಿತ್ತು. ಕಪ್ಪುಹಲಗೆಯ ಗೆರೆಯ ಮೇಲೆ ಬೆರಳು ಓಡಿಸುತ್ತಾ ಕೊನೆಯ ಸಾಲಿಗೆ ಬಂದರು. "ಪಾಪ, ಇಷ್ಟು ದೂರ ಬಂದ. ಆದ್ರೆ ಇವನ ವಂಶ ಇಲ್ಲಿ ಬೇರು ಬಿಡ್ಲಿಲ್ಲ. ಇವತ್ತು ಈ ನೆಲದಲ್ಲಿ ಇವನವರು ಅಂತ ಒಬ್ರೂ ಉಳಿದಿಲ್ಲ," ಎಂದು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

"ಒಬ್ರು ಇದಾರೆ ಸಾರ್," ಎಂದೆ.

"ಯಾರು?"

"ನಮ್ಮಪ್ಪ."

ಗಡಿಯಾರ ಎದ್ದು ಹೊರಗೆ ಹೋಗಿ ಬಾಗಿಲು ಎಳೆದುಕೊಂಡಳು. ಹೊತ್ತಿಗೆ ಮುಂಚೆ ಅವಳು ಎದ್ದಿದ್ದನ್ನು ನಾನು ಅವತ್ತೇ ನೋಡಿದ್ದು. ಎಲ್ಲ ಹೇಳಿದೆ, ಟವೆಲು, ಕನ್ನಡಕ, ತಂಗಿ ಬಂದ ವಾರ, ಹತ್ತಿಕಡ್ಡಿ. ಮೇಷ್ಟ್ರು ಕೇಳುತ್ತಾ ಕೇಳುತ್ತಾ ಕುರ್ಚಿಗೆ ಇಳಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹಲಗೆಯ ಕಡೆಗೆ ನೋಡುತ್ತಾ, "ಹಾಗಾದ್ರೆ ಹಲ್ಲಲ್ಲಿ ಯಾರೂ ಇರ್ಲಿಲ್ಲ," ಎಂದರು.

"ಇದ್ದಿರಬೇಕು ಸಾರ್. ನಮಗೆ ಸಿಗ್ಲಿಲ್ಲ ಅಷ್ಟೇ."

"ಅವರನ್ನ ಎತ್ತೋದು, ಕೂರಿಸೋದು, ಎಲ್ಲ ನೀವೊಬ್ರೇನಾ?"

"ಮತ್ಯಾರು ಸಾರ್?"

"ಒಳಕೋಣೆಗೆ ಇನ್ನು ನಿಮ್ಮನ್ನ ಕಳಿಸೋ ಹಾಗಿಲ್ಲಮ್ಮ." ಈ ಮಾತನ್ನು ಅವರು ನನ್ನ ಮುಖ ನೋಡದೆ ಹೇಳಿದರು. "ಬೆಳಿಗ್ಗೆ ಅವರನ್ನ ಮುಟ್ಟದೆ ಬರೋದಾದ್ರೆ ಬೇರೆ ಮಾತು."

"ಮುಟ್ಟದೆ ಹೇಗೆ ಸಾರ್?"

"ಹೌದು," ಎಂದರು. ಅಷ್ಟೇ.

ಮುಖ ತೊಳೆಯುವ ನೆಪದಲ್ಲಿ ಹೋಗಿ ನಲ್ಲಿ ಜೋರಾಗಿ ತಿರುಗಿಸಿ ಅತ್ತೆ. ನಾಚಿಕೆ ಏನೂ ಇಲ್ಲ ಹೇಳಿಕೊಳ್ಳುವುದಕ್ಕೆ. ಕೋಣೆಗಾಗಿ ಅತ್ತೆ.

ಒಂದು ವಾರ ಕಳೆದಿರಬೇಕು, ರಜಾದಿನ ಬೆಳಿಗ್ಗೆ ಮೇಷ್ಟ್ರು ನಮ್ಮ ಮನೆಯ ಮೆಟ್ಟಿಲು ಹತ್ತಿ ಬಂದರು. ಅಪ್ಪನ ಎಂಜಲನ್ನು ಅವನನ್ನು ಕೇಳದೆ ತೆಗೆದದ್ದು ತಪ್ಪು, ಅದನ್ನು ನಮ್ಮ ತಾಳೆಪಟ್ಟಿಯಲ್ಲಿ ಇಟ್ಟುಕೊಳ್ಳಲು ಅವನ ಒಪ್ಪಿಗೆ ಬೇಕು ಎಂದು ಹೇಳಿಕೊಂಡು ಬಂದರು. ಅದು ನೆಪ. ಇಷ್ಟು ತಿಂಗಳು ಮೈಯೆಲ್ಲ ಕಣ್ಣಾಗಿ ಯಾರ ದಾರಿ ಹುಡುಕಿದರೋ ಅವನನ್ನು ಒಮ್ಮೆ ನೋಡಬೇಕಾಗಿತ್ತು ಅವರಿಗೆ. ಕೋಣೆಯ ಬಾಗಿಲಲ್ಲಿ ನಿಂತು, ದಿಂಬಿಗೆ ಒರಗಿದ್ದ ಅಪ್ಪನನ್ನು ಮೂಗು, ಕಿವಿ, ಹಣೆ ಎಂದು ಬಿಡದೆ ನೋಡಿದರು.

"ನೀವೇನಾ ಮೇಷ್ಟ್ರು?" ಎಂದ ಅಪ್ಪ. "ಕೂತ್ಕೊಳಿ. ಕುರ್ಚೀಲಿ ನನ್ನ ಬಟ್ಟೆ ಇದೆ, ಆಚೆ ಎಸೀರಿ."

ಮೇಷ್ಟ್ರು ಬಟ್ಟೆಯನ್ನು ಮಡಿಚಿ ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಆಮೇಲೆ ನಿಧಾನವಾಗಿ ಹೇಳಿದರು. ಯಜಮಾನರ ತಂದೆಯ ಕಡೆಯವರು ಬೆಟ್ಟಸಾಲಿನ ಆಚೆಯವರು. ಅಲ್ಲಿ ಈಗಲೂ ಕೆಲವು ಹಳ್ಳಿಗಳಲ್ಲಿ ಇದೇ ಕವಲಿನ ಗಂಡಸರಿದ್ದಾರೆ. ಯಾವ ಕಾಲದಲ್ಲಿ ಹೊರಟರು ಎಂದು ಹೇಳಲಾಗುವುದಿಲ್ಲ, ಆದರೆ ಬಂದದ್ದು ಅಲ್ಲಿಂದ. ಇಡೀ ಜನ್ಮ ಕೇಳಿಕೊಂಡು ಬಂದ ಪ್ರಶ್ನೆಗೆ ಉತ್ತರ ಹೀಗೆ ಹಾಸಿಗೆಯ ಪಕ್ಕಕ್ಕೆ ಬಂದು ಕೂತಿದ್ದನ್ನು ಅಪ್ಪನಿಗೆ ನಂಬಲಾಗಲಿಲ್ಲ ಎಂದು ಕಾಣುತ್ತದೆ. ಬಲಗೈಯಿಂದ ಹೊದಿಕೆಯ ಅಂಚನ್ನು ಹಿಸುಕುತ್ತಿದ್ದ.

"ಆ ಬೆಟ್ಟದ ಬುಡದವರೆಗೂ ಲೋಡು ತಗೊಂಡು ಹೋಗಿದೀನಿ ಸ್ವಾಮಿ," ಎಂದ ಕೊನೆಗೆ. "ಎಷ್ಟೋ ಸಲ. ಅಲ್ಲಿ ಚಹಾ ಕುಡ್ದು ಹಿಂದಕ್ಕೆ ತಿರುಗಿಸ್ತಿದ್ದೆ. ಆಚೆಗೆ ಏನಿದೆ ಅಂತ ನೋಡ್ಲೇ ಇಲ್ಲ."

ಆಮೇಲೆ ಅಪ್ಪ, "ಅದ್ಸರಿ, ಇದೆಲ್ಲ ನಿಮಗೆ ಹೇಗೆ ಗೊತ್ತಾಯ್ತು?" ಎಂದ. ನಾನು ಕಣ್ಣಿನಲ್ಲೇ ಬೇಡ ಎಂದೆ. ಮೇಷ್ಟ್ರಿಗೆ ಇನ್ನೊಬ್ಬರ ಕಣ್ಣು ಓದುವುದು ಬರುವುದಿಲ್ಲ, ಸುಳ್ಳು ಹೇಳುವುದಂತೂ ಮೊದಲೇ ಬರುವುದಿಲ್ಲ. ಹಲ್ಲಿನ ಕಥೆ ಪೂರ್ತಿ ಹೇಳಿಬಿಟ್ಟರು. ಅಪ್ಪನಿಗೆ ಮೊದಲು ಭಾರೀ ನಗು ಬಂತು. ಹಲ್ಲಿಲ್ಲದ ಬಾಯಿಯ ತನ್ನನ್ನು ಯಾರದೋ ಹಲ್ಲಿನಲ್ಲಿ ಹಿಡಿದರಲ್ಲ ಎಂದು ಕೆಮ್ಮು ಬರುವವರೆಗೆ ನಕ್ಕ. ಕೆಮ್ಮು ನಿಂತ ಮೇಲೆ ನಗು ಇರಲಿಲ್ಲ.

"ಅಂದ್ರೆ ನನ್ನಿಂದ ಇವಳ ಕೆಲಸಕ್ಕೆ ಏಟು ಬಿತ್ತಾ?"

"ಕೆಲಸಕ್ಕೇನೂ ಇಲ್ಲ ಯಜಮಾನ್ರೇ. ಆ ಒಂದು ಕೋಣೆಗೆ ಮಾತ್ರ. ನಿಮ್ಮನ್ನ ಮುಟ್ಟಿ ಬರೋ ಹಾಗಿಲ್ಲ, ಅದಕ್ಕೆ."

"ಅವಳಿಗೆ ಆ ಕೋಣೆ ಇಷ್ಟ," ಎಂದ ಅಪ್ಪ. ನಾನು ಅವನಿಗೆ ಅದನ್ನು ಯಾವತ್ತೂ ಹೇಳಿರಲಿಲ್ಲ. "ಸಾಯಂಕಾಲ ಬಂದಾಗ ಗೊತ್ತಾಗುತ್ತೆ. ಆ ಕೋಣೇಲಿ ಕೆಲಸ ಇದ್ದ ದಿನ ಇವಳು ಬೈಯೋದು ಕಮ್ಮಿ."

ಅವತ್ತು ಅಪ್ಪ ಗಂಜಿಯ ಉಪ್ಪಿಗೂ ತಕರಾರು ತೆಗೆಯದೆ ಉಂಡ. ಬೆಟ್ಟದ ವಿಷಯ ಯೋಚಿಸುತ್ತಿದ್ದಾನೆ ಅಂದುಕೊಂಡೆ.

ಮರುದಿನ ಬೆಳಿಗ್ಗೆ ಬಿಸಿನೀರು ತಂದರೆ, "ಗಡ್ಡ ಬೇಡ," ಎಂದ.

"ಯಾಕೆ?"

"ಬೇಡ ಅಂದ್ರೆ ಬೇಡ. ಎಷ್ಟು ಬೆಳೆಯುತ್ತೋ ಬೆಳೀಲಿ."

ಹಠಕ್ಕೆ ಬಿದ್ದಿದ್ದಾನೆ ಎಂದು ಬಿಟ್ಟೆ. ಎತ್ತಲು ಬಗ್ಗಿದೆ. ಬಲಗೈ ಹಾಸಿಗೆಗೆ ಒತ್ತಿ ಇಟ್ಟುಕೊಂಡ. ನನ್ನ ಹೆಗಲು ಅವನ ಎದೆಗೆ ತಾಗುವ ಹೊತ್ತಿಗೆ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿ, ಕತ್ತನ್ನು ಎಳೆದು, ಗಲ್ಲ ಮೇಲೆತ್ತಿ, ಉಸಿರನ್ನೂ ಬಿಗಿಹಿಡಿದ. ಅರ್ಧ ಎತ್ತಿದಾಗ ವಾಲಿದ. ಆಗಲೂ ಹಿಡಿದುಕೊಳ್ಳಲಿಲ್ಲ. ಕತ್ತಿನ ನರ ಉಬ್ಬಿ ತಲೆ ನಡುಗುತ್ತಿತ್ತು. ನನಗೆ ಅರ್ಥವಾಗಲು ಅಷ್ಟು ಹೊತ್ತು ಬೇಕಾಯಿತು.

ಕೋಪ ಬಂತು. ಇಷ್ಟು ವರ್ಷದಲ್ಲಿ ಅವನ ಮೇಲೆ ಬಂದ ಕೋಪವೆಲ್ಲ ಒಟ್ಟಿಗೆ ಸೇರಿದರೂ ಅಷ್ಟಾಗುತ್ತಿರಲಿಲ್ಲ. ಕೋಪದಲ್ಲೇ ಕಣ್ಣು ತುಂಬಿ ಏನೂ ಕಾಣದೆ ಹೋಯಿತು.

"ಕೈ ಹಾಕಪ್ಪ, ಬೀಳ್ತೀಯ," ಎಂದೆ.

"ಅಂಟುತ್ತೆ ಕಣೇ. ನೀನು ಆ ಕೋಣೆಗೆ ಹೋಗ್ಬೇಕು."

ಅವನ ಬಲಗೈಯನ್ನು ಹಾಸಿಗೆಯಿಂದ ಕಿತ್ತು ನನ್ನ ಕುತ್ತಿಗೆಗೆ ಹಾಕಿಕೊಂಡೆ. ಅವನ ತಲೆಯನ್ನು ಎಳೆದು ನನ್ನ ಕೆನ್ನೆಗೆ ಒತ್ತಿದೆ. ಒಂದು ದಿನದ ಗಡ್ಡ ಚುಚ್ಚಿತು.

"ಅಂಟಲಿ," ಎಂದೆ. "ಗಟ್ಟಿಯಾಗಿ ಹಿಡ್ಕೋ."